ಮೀಸಲು ಕೋಣೆ ಯಾವುದೆಂದು ಕೇಳಿದ ತಪ್ಪು: ಮನೆಯ ಡೇ ಕೇರ್ ಮತ್ತು ಅಮೆರಿಕದ ತೆರಿಗೆ ಲೆಕ್ಕ

ಅಮೆರಿಕದಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವ ಸಣ್ಣ ಕಚೇರಿಯೊಂದಕ್ಕೆ ನಾನು ಸೇರಿದ ಎರಡನೆಯ ವರ್ಷ, ಮನೆಯಲ್ಲಿಯೇ ಡೇ ಕೇರ್ ಆರಂಭಿಸಿದ್ದ ಮಹಿಳೆಯೊಬ್ಬರು ತಮ್ಮ ಕಾಗದಪತ್ರಗಳೊಂದಿಗೆ ಬಂದಿದ್ದರು. ಮನೆಯಿಂದ ಉದ್ಯೋಗ ಮಾಡುವ ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯನ್ನೇ ಅವರಿಗೂ ಕೇಳಿದೆ: ಉದ್ಯೋಗಕ್ಕೆಂದೇ ಮೀಸಲಿಟ್ಟ, ಬೇರಾವುದಕ್ಕೂ ಬಳಸದ ಕೋಣೆ ಯಾವುದು? ಅವರು ನಕ್ಕು, "ಇಡೀ ಮನೆಯೇ ಮಕ್ಕಳ ಕೈಯಲ್ಲಿದೆ, ಅವರು ಹೋದ ಮೇಲೆ ಅದೇ ಹಾಲ್‌ನಲ್ಲಿ ನಾವು ಕೂರುತ್ತೇವೆ. ಮೀಸಲು ಕೋಣೆ ಎಲ್ಲಿಂದ ತರಲಿ?" ಎಂದರು. ನಾನು ಮನೆಯ ಖರ್ಚಿನ ಫಾರ್ಮ್ 8829 ಅನ್ನು ಹಾಗೆಯೇ ಬಿಟ್ಟು ಮುಂದಿನ ಪುಟಕ್ಕೆ ಹೋದೆ. ಅವರು ನನ್ನ ಮಾತನ್ನು ನಂಬಿ ಸಹಿ ಹಾಕಿದರು.

ಮರುವರ್ಷ ಹಿರಿಯ ಸಹೋದ್ಯೋಗಿಯೊಬ್ಬರು ಹಳೆಯ ಕಡತವನ್ನು ತಿರುವಿ ಹಾಕುವಾಗ ಆ ಖಾಲಿ ಫಾರ್ಮ್ ಕಣ್ಣಿಗೆ ಬಿತ್ತು. ಮನೆಯ ಒಂದು ಭಾಗ ಉದ್ಯೋಗಕ್ಕೆ ಮಾತ್ರ ಬಳಕೆಯಾಗಬೇಕೆಂಬ ನಿಯಮ ಅಕೌಂಟೆಂಟ್‌ಗೂ ವಿನ್ಯಾಸಕಾರನಿಗೂ ಅನ್ವಯಿಸುತ್ತದೆ. ಆದರೆ ಫೆಡರಲ್ ತೆರಿಗೆ ಸಂಹಿತೆಯ 280ಎ ವಿಧಿಯು ಮಕ್ಕಳನ್ನು, 65 ತುಂಬಿದ ಹಿರಿಯರನ್ನು ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾಗದವರನ್ನು ಹಗಲಿನಲ್ಲಿ ಆರೈಕೆ ಮಾಡುವ ಮನೆಗೆ ಆ ನಿಯಮದಿಂದ ವಿನಾಯಿತಿ ಕೊಟ್ಟಿದೆ. ಅಲ್ಲಿ ಬೇಕಾದುದು ನಿಯಮಿತ ಬಳಕೆ ಮಾತ್ರ. ಇದಕ್ಕೊಂದು ಷರತ್ತಿದೆ: ರಾಜ್ಯದ ಕಾನೂನಿನಂತೆ ಪರವಾನಗಿ ಅಥವಾ ನೋಂದಣಿ ಇರಬೇಕು, ಇಲ್ಲವೇ ಅರ್ಜಿ ಸಲ್ಲಿಸಿರಬೇಕು, ಇಲ್ಲವೇ ರಾಜ್ಯವೇ ಅದರಿಂದ ವಿನಾಯಿತಿ ನೀಡಿರಬೇಕು, ಅರ್ಜಿ ತಿರಸ್ಕೃತವಾದರೆ ಅಥವಾ ಪರವಾನಗಿ ರದ್ದಾದರೆ ಈ ಸವಲತ್ತೂ ಹೋಗುತ್ತದೆ. (ಅವಲಂಬಿತರ ಎಚ್-4 ವೀಸಾದಲ್ಲಿರುವ ನಮ್ಮವರು ಕೆಲಸದ ಅನುಮತಿ ಪತ್ರವಿಲ್ಲದೆ ಈ ಉದ್ಯೋಗಕ್ಕೆ ಕೈಹಾಕುವಂತಿಲ್ಲ ಎಂಬುದು ತೆರಿಗೆಗೂ ಮೊದಲಿನ ಮಾತು.) ರಿಟರ್ನ್ ಸಲ್ಲಿಸಿದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದೊಳಗೆ ಫಾರ್ಮ್ 1040-ಎಕ್ಸ್ ಮೂಲಕ ತಿದ್ದುಪಡಿ ಮಾಡಿ ಮರುಪಾವತಿ ಕೇಳಬಹುದಾದುದರಿಂದ ನನ್ನ ತಪ್ಪು ಸರಿಪಡಿಸಬಹುದಾದ ತಪ್ಪಾಗಿಯೇ ಉಳಿಯಿತು. ಆ ಮಹಿಳೆಗೆ ಫೋನ್ ಮಾಡಿ ವಿಷಯ ತಿಳಿಸುವುದು ಮಾತ್ರ ಸುಲಭವಾಗಿರಲಿಲ್ಲ.

ಮನೆಯ ಖರ್ಚಿನಲ್ಲಿ ಉದ್ಯೋಗದ ಪಾಲನ್ನು ಆದಾಯದಿಂದ ಕಳೆಯುವ ಈ ಕಡಿತದ ಲೆಕ್ಕ ಎರಡು ಭಿನ್ನರಾಶಿಗಳ ಗುಣಲಬ್ಧ. ಮನೆಯ ಒಟ್ಟು ವಿಸ್ತೀರ್ಣದಲ್ಲಿ ಡೇ ಕೇರ್‌ಗೆ ನಿಯಮಿತವಾಗಿ ಬಳಸುವ ಭಾಗ ಎಷ್ಟು ಎಂಬುದು ಒಂದು. ವರ್ಷದ 8,760 ಗಂಟೆಗಳಲ್ಲಿ ಎಷ್ಟು ಗಂಟೆ ಆ ಭಾಗ ಉದ್ಯೋಗದಲ್ಲಿದೆ ಎಂಬುದು ಇನ್ನೊಂದು. 1,800 ಚದರ ಅಡಿಯ ಮನೆಯಲ್ಲಿ 1,350 ಚದರ ಅಡಿ ಮಕ್ಕಳ ಬಳಕೆಯಲ್ಲಿದ್ದರೆ ಶೇ 75. ದಿನಕ್ಕೆ 11 ಗಂಟೆ, ವಾರಕ್ಕೆ 5 ದಿನ, ವರ್ಷಕ್ಕೆ 50 ವಾರ ಎಂದರೆ 2,750 ಗಂಟೆ, ಅಂದರೆ ಸುಮಾರು ಶೇ 31.4. ಇವೆರಡನ್ನೂ ಗುಣಿಸಿದರೆ ಶೇ 23.5. ಬಾಡಿಗೆ, ವಿದ್ಯುತ್, ನೀರು, ವಿಮೆ ಎಲ್ಲ ಸೇರಿ ವರ್ಷಕ್ಕೆ 24,000 ಡಾಲರ್ ಆಗುವ ಮನೆಯಾದರೆ 5,651 ಡಾಲರ್ ಉದ್ಯೋಗದ ಖರ್ಚಾಗುತ್ತದೆ. ಸ್ವಂತ ಮನೆ ಇದ್ದವರಿಗೆ ಮಾತ್ರ ಈ ಅನುಕೂಲ ಎಂದು ಬಾಡಿಗೆದಾರರು ಭಾವಿಸುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ, ಅದು ನಿಜವಲ್ಲ.

ಹೆಚ್ಚಿನವರು ಕಳೆದುಕೊಳ್ಳುವುದು ಗಂಟೆಗಳನ್ನು. ಮಕ್ಕಳು ಬರುವ ಮೊದಲು ಅಡುಗೆ ಸಿದ್ಧಪಡಿಸಿದ ಸಮಯ, ಅವರು ಹೋದ ಮೇಲೆ ನೆಲ ಒರೆಸಿ ಆಟಿಕೆಗಳನ್ನು ತೊಳೆದ ಸಮಯ, ರಾತ್ರಿ ಕುಳಿತು ಹಾಜರಿ ಮತ್ತು ರಸೀದಿ ಬರೆದ ಸಮಯ, ಇವೂ ಉದ್ಯೋಗದ ಗಂಟೆಗಳೇ. ವಾರಕ್ಕೆ ಇಂಥ 10 ಗಂಟೆಗಳನ್ನು ಸೇರಿಸಿದರೆ ಮೇಲಿನ 2,750 ಎಂಬುದು 3,250 ಆಗಿ, ಕಡಿತ 6,678 ಡಾಲರ್‌ಗೆ ಏರುತ್ತದೆ. ಆದರೆ ಮಕ್ಕಳು ಮನೆಯಲ್ಲಿರುವಾಗ ಮಾಡಿದ ಅಡುಗೆಯನ್ನು ಇನ್ನೊಮ್ಮೆ ಎಣಿಸುವಂತಿಲ್ಲ, ಮತ್ತು "ಸುಮಾರು ಹತ್ತು ಗಂಟೆ ಇರಬಹುದು" ಎಂಬ ಮಾತು ತಪಾಸಣೆಯಲ್ಲಿ ನಿಲ್ಲುವುದಿಲ್ಲ. ನನ್ನ ಆ ಮಹಿಳೆ ಮರುವರ್ಷದಿಂದ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನದ ಚೌಕದೊಳಗೆ ಎರಡೇ ಸಂಖ್ಯೆ ಬರೆಯತೊಡಗಿದರು: ಕೆಲಸ ಆರಂಭಿಸಿದ ಗಂಟೆ, ಮುಗಿಸಿದ ಗಂಟೆ. ಹಾಲು ಚೆಲ್ಲಿ ಕಲೆಯಾಗಿದ್ದ ಆ ಕ್ಯಾಲೆಂಡರ್‌ಗಿಂತ ಒಳ್ಳೆಯ ದಾಖಲೆಯನ್ನು ಯಾವ ತಂತ್ರಾಂಶದಿಂದಲೂ ನಾನು ಪಡೆದಿಲ್ಲ.

ಲೆಕ್ಕದ ತಲೆನೋವು ಬೇಡವೆನ್ನುವವರಿಗೆ 2013ರ ತೆರಿಗೆ ವರ್ಷದಿಂದ ಸರಳ ವಿಧಾನವೊಂದಿದೆ: ಚದರ ಅಡಿಗೆ 5 ಡಾಲರ್, ಹೆಚ್ಚೆಂದರೆ 300 ಚದರ ಅಡಿ. ಜಾಹೀರಾಗಿರುವುದು 1,500 ಡಾಲರ್ ಎಂಬ ಅಂಕಿಯಾದರೂ, ಡೇ ಕೇರ್‌ನವರು ಮೀಸಲಲ್ಲದ ಜಾಗಕ್ಕೆ ಆ 5 ಡಾಲರನ್ನು ಗಂಟೆಗಳ ಪ್ರಮಾಣದಿಂದ ಇಳಿಸಬೇಕು. ನಮ್ಮ ಉದಾಹರಣೆಯ 3,250 ಗಂಟೆಗಳಿಗೆ ಉಳಿಯುವುದು ಸುಮಾರು 557 ಡಾಲರ್. ಈ ಉದ್ಯೋಗದ ಮಟ್ಟಿಗೆ ಇದು ಸರಳವೇ ಹೊರತು ಲಾಭದಾಯಕವಲ್ಲವೆಂಬುದು ನನ್ನ ಅಭಿಪ್ರಾಯ.

ಆರಂಭದ ಖರ್ಚಿನ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಬಾಗಿಲು ತೆರೆಯುವ ಮೊದಲು ಮಾಡಿದ ತರಬೇತಿ, ಜಾಹೀರಾತು ಮುಂತಾದ ಖರ್ಚಿನಲ್ಲಿ 5,000 ಡಾಲರ್‌ವರೆಗೆ ಮೊದಲ ವರ್ಷವೇ ಕಳೆಯಬಹುದು. ಉಳಿದುದನ್ನು 180 ತಿಂಗಳಿಗೆ ಹಂಚಬೇಕು. ಮನೆಯಲ್ಲಿ ಮೊದಲೇ ಇದ್ದ ತೊಟ್ಟಿಲು, ಸೋಫಾ, ಆಟಿಕೆಗಳನ್ನು ಉದ್ಯೋಗಕ್ಕೆ ತಂದರೆ, ಕೊಂಡ ಬೆಲೆ ಅಥವಾ ಅಂದಿನ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಕಡಿಮೆಯಾದುದರ ಮೇಲೆ ಸವಕಳಿ (ವಸ್ತುವಿನ ಬೆಲೆಯನ್ನು ವರ್ಷಗಳಿಗೆ ಹಂಚಿ ಕಳೆಯುವ ಅವಕಾಶ) ಸಿಗುತ್ತದೆ. ಹಾಗಾಗಿ ಪರವಾನಗಿ ಬಂದ ವಾರವೇ ಪ್ರತಿ ಕೋಣೆಯ ಫೋಟೊ ತೆಗೆದಿಡಿ ಎಂದು ಹೇಳುತ್ತೇನೆ.

ಊಟದ ಲೆಕ್ಕಕ್ಕೆ ಬಂದರೆ, ದಿನಸಿಯ ರಸೀದಿಗಳಲ್ಲಿ ಮನೆಯವರ ಅಕ್ಕಿಯನ್ನೂ ಮಕ್ಕಳ ಅಕ್ಕಿಯನ್ನೂ ಬೇರ್ಪಡಿಸುವ ಸಾಹಸ ಯಾರಿಗೂ ಬೇಡ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಇದಕ್ಕೆ ನಿಗದಿತ ದರದ ವಿಧಾನವನ್ನು ಒಪ್ಪಿದೆ: ಪ್ರತಿ ಮಗುವಿಗೆ ದಿನಕ್ಕೆ ಒಂದು ಬೆಳಗಿನ ತಿಂಡಿ, ಒಂದು ಮಧ್ಯಾಹ್ನದ ಊಟ, ಒಂದು ರಾತ್ರಿಯೂಟ, ಮೂರು ಲಘು ಉಪಾಹಾರಗಳವರೆಗೆ. ಯಾವ ಮಗು, ಯಾವ ದಿನ, ಎಷ್ಟು ಹೊತ್ತು, ಯಾವ ಊಟ ಎಂಬುದನ್ನು ಬರೆದಿಟ್ಟರೆ ಸಾಕು. ಸ್ವಂತ ಮಕ್ಕಳ ಊಟ ಇದರಲ್ಲಿ ಸೇರುವುದಿಲ್ಲ. ಕೃಷಿ ಇಲಾಖೆಯ ಮಕ್ಕಳ ಆಹಾರ ಯೋಜನೆಯಿಂದ ಬರುವ ಹಣ ಆದಾಯವಾಗುತ್ತದೆಂದು ಹೆದರಿ ಅದಕ್ಕೆ ಸೇರದೆ ಉಳಿದವರನ್ನು ಕಂಡು ನನಗೆ ಬೇಸರವಾಗಿದೆ, ಏಕೆಂದರೆ ಆ ಹಣವನ್ನು ಆದಾಯವೆಂದು ತೋರಿಸಿದರೂ ಊಟದ ಪೂರ್ತಿ ಖರ್ಚನ್ನು ಇನ್ನೊಂದು ಕಡೆ ಕಳೆಯಲು ಅವಕಾಶವಿದೆ.

ಕಡಿತವೆಂದರೆ ಸರ್ಕಾರ ಕೈಗೆ ಕೊಡುವ ಹಣವಲ್ಲ, ತೆರಿಗೆ ಬೀಳುವ ಲಾಭವನ್ನು ಇಳಿಸುವ ಸಾಧನ ಎಂಬುದನ್ನು ನಾನು ಮೊದಲ ಭೇಟಿಯಲ್ಲೇ ಹೇಳುತ್ತೇನೆ. ಮಕ್ಕಳ ಆರೈಕೆಯ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲೇ ರಿಯಾಯಿತಿ) ಎಂದು ಎಲ್ಲರೂ ಕೇಳಿರುವುದು ತಂದೆ ತಾಯಂದಿರಿಗೆ ಸೇರಿದ್ದು. ಅದಕ್ಕಾಗಿ ಅವರು ನಿಮ್ಮ ತೆರಿಗೆ ಸಂಖ್ಯೆಯನ್ನು ಕೇಳುತ್ತಾರೆ, ಆದ್ದರಿಂದ ಆದಾಯ ಗುಟ್ಟಾಗಿ ಉಳಿಯುತ್ತದೆಂಬ ಭ್ರಮೆ ಬೇಡ. ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಆದಾಯ ತೆರಿಗೆಯ ಜೊತೆಗೆ ಶೇ 15.3ರ ಸ್ವ-ಉದ್ಯೋಗ ತೆರಿಗೆಯೂ ಇದೆ, ಮತ್ತು ಮೊದಲ ವರ್ಷದ ಏಪ್ರಿಲ್‌ನಲ್ಲಿ ಜನ ಬೆಚ್ಚಿಬೀಳುವುದು ಇದಕ್ಕೇ. ಫಾರ್ಮ್ 8829ರ ಕಡಿತ ಉದ್ಯೋಗದ ಲಾಭ-ನಷ್ಟ ತೋರಿಸುವ ಶೆಡ್ಯೂಲ್ ಸಿ ಮೇಲೆ ಬರುವುದರಿಂದ ಎರಡೂ ತೆರಿಗೆಗಳನ್ನು ಒಟ್ಟಿಗೆ ತಗ್ಗಿಸುತ್ತದೆ; ಸ್ಟ್ಯಾಂಡರ್ಡ್ ಡಿಡಕ್ಷನ್ (ವೈಯಕ್ತಿಕ ಖರ್ಚುಗಳನ್ನು ಪಟ್ಟಿ ಮಾಡದೆ ಕಳೆಯುವ ನಿಗದಿತ ಮೊತ್ತ) ತೆಗೆದುಕೊಳ್ಳುವವರಿಗೂ ಗೃಹಸಾಲದ ಬಡ್ಡಿಯ ಒಂದು ಪಾಲು ಇದರಿಂದ ಉಪಯೋಗಕ್ಕೆ ಬರುತ್ತದೆ.

ಸ್ವಂತ ಮನೆಯವರು ಕೊನೆಗೆ ಕೇಳುವ ಪ್ರಶ್ನೆ ಸವಕಳಿಯದು. ಕಟ್ಟಡದ ಉದ್ಯೋಗದ ಪಾಲಿಗೆ 39 ವರ್ಷಗಳ ಲೆಕ್ಕದಲ್ಲಿ ಸವಕಳಿ ಕಳೆದರೆ, ಮನೆ ಮಾರುವಾಗ ಅಷ್ಟು ಲಾಭದ ಮೇಲೆ ಶೇ 25ರವರೆಗೆ ತೆರಿಗೆ ಬೀಳುತ್ತದೆ, ಆದ್ದರಿಂದ ಅದನ್ನು ಮುಟ್ಟದಿರುವುದೇ ಒಳಿತಲ್ಲವೇ ಎಂದು ಕೇಳುತ್ತಾರೆ. ಕಾನೂನು ನೋಡುವುದು ನೀವು ಕಳೆದದ್ದನ್ನು ಮಾತ್ರವಲ್ಲ, ಕಳೆಯಬಹುದಾಗಿದ್ದುದನ್ನೂ. ಸರಳ ವಿಧಾನ ಬಿಟ್ಟು ನಿಜ ಖರ್ಚಿನ ಲೆಕ್ಕ ಹಾಕಿ ಸವಕಳಿಯನ್ನು ಮಾತ್ರ ಬಿಟ್ಟವರೂ ಮಾರುವ ದಿನ ಅದೇ ತೆರಿಗೆ ಕಟ್ಟಬೇಕಾಗಬಹುದು. ಇದನ್ನು ಕೇಳಿದ ಮೇಲೆ ಸವಕಳಿ ಬೇಡವೆಂದವರು ಇದುವರೆಗೆ ಒಬ್ಬರೂ ನನ್ನ ಮೇಜಿನ ಮುಂದೆ ಕುಳಿತಿಲ್ಲ.