ಎಳೆಯಬೇಡಿ, ಹೊರಳಿಸಿ

ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ ಎರಡು ದೂರು ಜೊತೆಜೊತೆಗೇ ಬರುತ್ತವೆ. ಮಲಗಿದವರಿಗೆ ಸೊಂಟದ ಕೆಳಗೆ ಹುಣ್ಣು, ನೋಡಿಕೊಳ್ಳುವವರಿಗೆ ಸೊಂಟನೋವು. ಎಷ್ಟೋ ಸಲ ಎರಡರ ಹಿಂದೆಯೂ ಇರುವುದು ಎಳೆದಾಟ. ಕೆಳಕ್ಕೆ ಜಾರಿದವರನ್ನು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದಾಗ ಚರ್ಮ ಬೆಡ್‌ಶೀಟಿಗೆ ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಮಾತ್ರ ಮೇಲೆ ಹೋಗುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಹಿಂಡಿಹೋಗುತ್ತವೆ. ಅದೇ ಹೊತ್ತಿಗೆ ಎಳೆಯುವವರ ಬೆನ್ನು ಬಾಗಿ, ತಿರುಚಿಕೊಂಡಿರುತ್ತದೆ. ಪಾರ್ಶ್ವವಾಯು ಹೊಡೆದ ಕಡೆಯ ತೋಳಾದರೆ ಭುಜದ ಕೀಲೇ ಜಾರಬಹುದು.

ಇದಕ್ಕೆ ದೊಡ್ಡ ಸಾಧನವೇನೂ ಬೇಡ. ಗಟ್ಟಿ ಬೆಡ್‌ಶೀಟೊಂದನ್ನು ಎರಡಾಗಿ ಮಡಚಿ, ಭುಜದಿಂದ ತೊಡೆಯ ಮೇಲ್ಭಾಗದವರೆಗೆ ಬರುವಂತೆ ಅಡ್ಡಲಾಗಿ ಹಾಸಿಡಿ. ಮೇಲಕ್ಕೆ ಸರಿಸಬೇಕಾದಾಗ ಮೊದಲು ಮಂಚದ ತಲೆಭಾಗವನ್ನು ಸಮಮಾಡಿ, ಇಬ್ಬರು ಎರಡೂ ಬದಿ ನಿಂತು ಆ ಅಡ್ಡಶೀಟಿನ ಅಂಚನ್ನು ಮಲಗಿದವರ ಮೈಗೆ ತಾಗುವಷ್ಟು ಸುರುಳಿ ಸುತ್ತಿ ಹಿಡಿಯಬೇಕು. ಒಂದು ಕಾಲು ಮುಂದೆ, ಮಂಡಿ ಸ್ವಲ್ಪ ಬಾಗಿರಲಿ. 'ಒಂದು, ಎರಡು, ಮೂರು' ಅಂದಾಗ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ವಾಲಿಸಿದರೆ ಸಾಕು, ಕೆಲಸ ಮಾಡುವುದು ಕಾಲು. ಮಂಚ ತಗ್ಗಾಗಿದ್ದರೆ ಇದ್ಯಾವುದೂ ನಡೆಯದು. ಹಾಸಿಗೆ ನಿಮ್ಮ ಸೊಂಟದ ಮಟ್ಟಕ್ಕೆ ಬರಬೇಕು.

ಒಬ್ಬರೇ ಮಗ್ಗುಲು ಬದಲಿಸುವಾಗ ಹೆಚ್ಚಿನವರು ತಪ್ಪುವುದು ಮೊದಲ ಹೆಜ್ಜೆಯಲ್ಲಿ. ನಡುವೆ ಮಲಗಿದವರನ್ನು ಹಾಗೇ ಹೊರಳಿಸಿದರೆ ಅಂಚಿಗೆ ಬಂದುಬಿಡುತ್ತಾರೆ. ಎಡಕ್ಕೆ ಹೊರಳಿಸಬೇಕಿದ್ದರೆ ಮೊದಲು ಅಡ್ಡಶೀಟಿನಿಂದ ಅವರನ್ನು ಬಲಕ್ಕೆ ಸರಿಸಿ, ಬಲದ ತಡೆಕಂಬಿ ಏರಿಸಿ. ಕಂಬಿ ಇಲ್ಲದಿದ್ದರೆ ಆ ಬದಿ ಗೋಡೆಗೆ ತಾಗಿರಲಿ ಅಥವಾ ಇನ್ನೊಬ್ಬರು ನಿಂತಿರಲಿ. ಆಮೇಲೆ ನೀವು ಅವರ ಎಡಗಡೆಗೆ ಹೋಗಿ. ಎಡಗೈಯನ್ನು ಮೈಯಡಿ ಸಿಗದಂತೆ ಹೊರಗಿಟ್ಟು, ಬಲಗೈಯನ್ನು ಎದೆಯ ಮೇಲೆ ತಂದು, ಬಲಮಂಡಿ ಮಡಚಿ, ಒಂದು ಕೈಯನ್ನು ಬಲಭುಜದ ಹಿಂದೆ, ಇನ್ನೊಂದನ್ನು ಸೊಂಟದ ಹಿಂದೆ ಇಟ್ಟು ನಿಮ್ಮ ಕಡೆಗೆ ಹೊರಳಿಸಿ. ಏನು ಮಾಡುತ್ತಿದ್ದೀರೆಂದು ಮೊದಲೇ ಹೇಳಿ. ಹೇಳದೆ ಮುಟ್ಟಿದರೆ ಹೆದರಿ ಮೈ ಬಿಗಿ ಹಿಡಿಯುತ್ತಾರೆ, ಭಾರ ಇಮ್ಮಡಿಯಾದಂತೆ ಅನಿಸುತ್ತದೆ.

ಪೂರ್ತಿ ಮಗ್ಗುಲಾಗಿ ಮಲಗಿಸಬೇಡಿ. ಆಗ ಭಾರವೆಲ್ಲ ತೊಡೆಯ ಮೇಲ್ತುದಿಯ ಮೂಳೆಯ ಮೇಲೆ ಬೀಳುತ್ತದೆ. ಸುಮಾರು 30 ಡಿಗ್ರಿ ವಾಲಿಸಿ ಬೆನ್ನಿಗೆ ದಿಂಬು ಕೊಡಿ. ಬೆನ್ನಮೂಳೆಯ ಬುಡದ ಕೆಳಗೆ ಅಂಗೈ ತೂರಿಸಿ ನೋಡಿ: ಮೂಳೆ ಹಾಸಿಗೆಗೆ ಒತ್ತದೆ ಬಿಡುವಾಗಿದ್ದರೆ ಕೋನ ಸರಿಯಾಗಿದೆ. ಮಂಡಿಗಳ ನಡುವೆ ಒಂದು ದಿಂಬು. ಇನ್ನೊಂದು ಮೀನಖಂಡದ ಉದ್ದಕ್ಕೂ, ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ. ಹಿಮ್ಮಡಿಯ ಅಡಿಗೇ ದಿಂಬಿಟ್ಟು ಒಳ್ಳೆಯದು ಮಾಡಿದೆವು ಅಂದುಕೊಳ್ಳುವವರು ಬಹಳ. ನಡುವೆ ತೂತಿರುವ ರಿಂಗ್ ದಿಂಬೂ ಬೇಡ. ಅದು ಸುತ್ತಲಿನ ಚರ್ಮವನ್ನು ಒತ್ತಿ, ನಡುವಿನ ಭಾಗಕ್ಕೆ ರಕ್ತ ಬರದಂತೆ ಮಾಡುತ್ತದೆ.

ತಲೆಭಾಗ 30 ಡಿಗ್ರಿಗಿಂತ ಎತ್ತರವಿದ್ದಷ್ಟೂ ದೇಹ ಕೆಳಕ್ಕೆ ಜಾರುತ್ತದೆ. ಊಟಕ್ಕೆ ಮಾತ್ರ ನೆಟ್ಟಗೆ ಕೂರಿಸಲೇಬೇಕು, ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಇಲ್ಲದಿದ್ದರೆ ಅನ್ನನಾಳದಿಂದ ಮೇಲೆ ಬಂದದ್ದು ಶ್ವಾಸಕೋಶ ಸೇರುವ ಅಪಾಯ. ಏರಿಸುವಾಗ ಮೊದಲು ಮಂಡಿಯ ಭಾಗ, ಆಮೇಲೆ ತಲೆಭಾಗ. ಈ ಕ್ರಮ ತಪ್ಪಿದರೆ ಜಾರುವುದು ಖಚಿತ.

ಪ್ರತಿ ಸಲ ಹೊರಳಿಸುವಾಗ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ, ಅಂಗೈ ಹಿಂಭಾಗದಿಂದ ಮುಟ್ಟಿ ಹೋಲಿಸಬೇಕು: ಪಕ್ಕದ ಚರ್ಮಕ್ಕಿಂತ ಬಿಸಿಯೇ, ಗಟ್ಟಿಯೇ, ಮೆತ್ತಗೆ ಕುಸಿಯುತ್ತದೆಯೇ? ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗೆ ಆಗಲೇ ನಲುಗಿದ ಅಂಗಾಂಶ ಇನ್ನಷ್ಟು ಹರಿಯುತ್ತದೆ. ಆ ಭಾಗಕ್ಕೆ ಭಾರ ಬೀಳದಂತೆ ಮಲಗಿಸಿ. ಚರ್ಮ ಒಡೆದರೆ, ಕಪ್ಪಾದರೆ, ವಾಸನೆ ಅಥವಾ ಜ್ವರ ಬಂದರೆ ಕಾಯದೆ ವೈದ್ಯರಿಗೆ ತೋರಿಸಿ.

ಇನ್ನು ರಾತ್ರಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬ ನಿಯಮ ಕೇಳಿ ಒಬ್ಬರೇ ಅಲಾರಂ ಇಟ್ಟುಕೊಂಡು ತಿಂಗಳುಗಟ್ಟಲೆ ಏಳುವುದುಂಟು. ನಿದ್ದೆಗೆಟ್ಟ ಕೈಗಳೇ ಮತ್ತೆ ಎಳೆದಾಟಕ್ಕೆ ಇಳಿಯುವುದು. ಒಳ್ಳೆಯ ದಟ್ಟ ಫೋಮ್ ಹಾಸಿಗೆ ಅಥವಾ ಏರ್ ಬೆಡ್ ಇದ್ದರೆ ಕೆಲವರಿಗೆ ರಾತ್ರಿ ಮೂರು, ನಾಲ್ಕು ಗಂಟೆಯ ಅಂತರವೂ ಸಾಕಾಗುತ್ತದೆ. ಮನೆಗೆ ಬರುವ ನರ್ಸ್ ಜೊತೆ ಮಾತಾಡಿ, ಅರ್ಧ ಗಂಟೆಯಂತೆ ಹೆಚ್ಚಿಸುತ್ತ, ಬೆಳಿಗ್ಗೆ ಚರ್ಮ ನೋಡಿ ನಿರ್ಧರಿಸಿ. ಕೆಂಪು ಉಳಿದಿದ್ದರೆ ಅಂತರ ಇಳಿಸಿ. ಏರ್ ಬೆಡ್ ಇದೆಯೆಂದು ಹೊರಳಿಸುವುದನ್ನೇ ಬಿಡುವಂತಿಲ್ಲ. ಡಯಾಪರ್ ಬದಲಿಸುವ ಹೊತ್ತನ್ನೂ ಮಗ್ಗುಲಿನ ಹೊತ್ತನ್ನೂ ಒಂದು ಮಾಡಿದರೆ ಒಂದು ಸಲ ಏಳುವುದು ತಪ್ಪುತ್ತದೆ. ಇಬ್ಬರಿದ್ದರೆ ಸರದಿಯಲ್ಲಿ ಎದ್ದು ಇಬ್ಬರೂ ನಿದ್ದೆಗೆಡುವುದಕ್ಕಿಂತ ರಾತ್ರಿಯನ್ನೇ ಹಂಚಿಕೊಳ್ಳಿ: ಹತ್ತರಿಂದ ಎರಡರವರೆಗೆ ಒಬ್ಬರು, ಎರಡರಿಂದ ಆರರವರೆಗೆ ಇನ್ನೊಬ್ಬರು. ಗೋಡೆಗೆ ಒಂದು ಹಾಳೆ ಅಂಟಿಸಿ, ಗಂಟೆಯ ಮುಂದೆ 'ಎಡ', 'ಅಂಗಾತ', 'ಬಲ' ಎಂದು ಬರೆದಿಟ್ಟರೆ ಎರಡು ಗಂಟೆಗೆ ಏಳುವವರು ಮಲಗಿದವರನ್ನು ಎಬ್ಬಿಸಿ ಕೇಳಬೇಕಿಲ್ಲ.