ಗಾಳಿ ಹೊರಗೆ ಹೋಗಲಿಲ್ಲ, ಎಣ್ಣೆ ಒಳಗೆ ಬಂತು

ನಮ್ಮ ಹಳೇ ಯೆಜ್ದಿ ಬೈಕಿನ ಎಂಜಿನ್‌ಗೆ ಮೂರನೇ ಸೀಲ್, ಅಂದರೆ ತಿರುಗುವ ಶಾಫ್ಟಿನ ಸುತ್ತ ಎಣ್ಣೆ, ಗಾಳಿ ತಡೆಯುವ ರಬ್ಬರ್ ಬಳೆ, ಕೂತಿದೆ. ಹೊಗೆ ನಿಂತಿದೆ. ನಿನ್ನೆ ಸಂಜೆ ಬಿಸಿಲು ಇಳಿದ ಮೇಲೆ ಯೆಜ್ದಿ ತಗೊಂಡು ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಮಳಖೇಡದ ತನಕ ಹೋಗಿ ಬಂದೆ. ಕಾಗಿಣಾ ನದಿ ಹತ್ತಿರ ನಿಲ್ಲಿಸಿ ಎರಡೂ ಸೈಲೆನ್ಸರ್ ಒಳಗೆ ಬೆರಳು ಹಾಕಿ ನೋಡಿದೆ. ಒಣ ಮಸಿ ಮಾತ್ರ ಇತ್ತು. ಎರಡು ತಿಂಗಳಿಂದ ಕಾಯುತ್ತಿದ್ದದ್ದು ಅದನ್ನೇ.

ಕ್ಲಚ್ ಬಿಚ್ಚುವುದು, ಪ್ರೈಮರಿ ಚೈನ್ ತೆಗೆಯುವುದು, ಪುಲ್ಲರ್ ಹಾಕುವುದು, ಇದೆಲ್ಲ ನಿಮಗೆ ಗೊತ್ತು. ಅದನ್ನು ಬಿಡುತ್ತೇನೆ. ಬಲಗಡೆ ಡೈನಮೋ ಹಿಂದಿನ ಸೀಲ್ ಅರ್ಧ ದಿನದಲ್ಲಿ ಮುಗಿಯಿತು. ಕಾಡಿದ್ದು ಕ್ಲಚ್ ಕಡೆಯ ಸೀಲ್. ಅದರ ಆಚೆ ಗೇರ್ ಆಯಿಲ್, ಈಚೆ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಎಂಬ ಕೋಣೆ.

ಲಕ್ಷಣ ಹೀಗಿತ್ತು. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಹೊಗೆ ದಟ್ಟವಾಗಿ ಬರುತ್ತಿತ್ತು. ಪ್ಲಗ್ ಒದ್ದೆ. 300 ಕಿ.ಮೀ. ಓಡಿಸುವಷ್ಟರಲ್ಲಿ ಗೇರ್ ಆಯಿಲ್ 200 ಎಂಎಲ್ ಕಮ್ಮಿ. ಅಪ್ಪ ಗಾಡಿ ಕೆಳಗಿನ ಶಹಾಬಾದ್ ಪರಸಿಯನ್ನೇ ಬಗ್ಗಿ ನೋಡಿದರು. "ನೆಲಕ್ಕ ಒಂದು ಹನಿ ಇಲ್ಲ, ಮತ್ತ ಎಣ್ಣಿ ಎಲ್ಲಿ ಹೋಗ್ಲಾಕತ್ತದ?" ಅಂದರು. 1976ರ ಗಾಡಿ ಇದು. ಅವರು ಇದರ ಮೇಲೆ ಇಪ್ಪತ್ತು ವರ್ಷ ಓಡಾಡಿದ್ದಾರೆ. ಅವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಎಣ್ಣೆ ಹೊರಗೆ ಸೋರುತ್ತಿರಲಿಲ್ಲ, ಕ್ರ್ಯಾಂಕ್‌ಕೇಸ್ ಒಳಗೆ ಹೋಗಿ ಪೆಟ್ರೋಲ್ ಜೊತೆ ಉರಿಯುತ್ತಿತ್ತು.

ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕುತ್ತೇವೆ. ಇಂಥ ಹೊಗೆ ಕಂಡರೆ "ಪೆಟ್ರೋಲಿಗೆ ಎಣ್ಣಿ ಕಮ್ಮಿ ಹಾಕ್ರಿ" ಎನ್ನುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಲೀಟರಿಗೆ 40 ಎಂಎಲ್ ಹಾಕುವವರು 20ಕ್ಕೆ ಇಳಿಸಿದರೆ ನಮ್ಮ ಬಿಸಿಲಿನಲ್ಲಿ ಪಿಸ್ಟನ್ ಸೀಜ್ ಆಗಬಹುದು, ಅಂದರೆ ಕಚ್ಚಿಕೊಂಡು ನಿಲ್ಲಬಹುದು. ಗೇರ್ ಆಯಿಲ್ ಕಮ್ಮಿ ಆಗುತ್ತಿದೆಯಾ ಅಂತ ಮೊದಲು ಅಳೆದು ನೋಡಿ.

ಮೊದಲನೇ ಸೀಲ್ ಹೈದರಾಬಾದಿನ ಒಂದು ಅಂಗಡಿಯಿಂದ ತರಿಸಿದೆ. ಚೀಟಿ ಮೇಲೆ "ಒರಿಜಿನಲ್" ಅಂತ ಬರೆದಿತ್ತು. ಯೆಜ್ದಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆಗಿನ ರಬ್ಬರ್ ಈಗ ಸಿಕ್ಕರೂ ಗಟ್ಟಿಯಾಗಿ ಹೋಗಿರುತ್ತದೆ. ಬಂದದ್ದರ ಮೇಲೆ ಅಳತೆ ಅಚ್ಚಾಗಿರಲಿಲ್ಲ. ಒತ್ತಿ ಕೂರಿಸುವಾಗಲೇ ಒಳಗಿನ ಸಣ್ಣ ಸ್ಪ್ರಿಂಗ್ ಎದ್ದು ಬಂತು. ಫೋನ್ ಮಾಡಿದರೆ "ಎಲ್ಲಾ ಹಂಗೇ ಬರ್ತಾವ್ರಿ" ಎಂಬ ಉತ್ತರ. ನನಗೆ ನಿಜಕ್ಕೂ ಸಿಟ್ಟು ಬಂತು. 100 ರೂಪಾಯಿ ಸಾಮಾನಿಗಾಗಿ ಒಬ್ಬ ಮನುಷ್ಯ ಇಡೀ ಕ್ಲಚ್ ಬಿಚ್ಚಿ ಕೂತಿರುತ್ತಾನೆ, ಅದನ್ನು ಮಾರುವವರು ತಿಳಿಯಬೇಕು ಅಲ್ವಾ?

ಎರಡನೇದು ಬೇರೆ ಕಡೆಯಿಂದ ತಂದೆ. ನೋಡಲು ಚೆನ್ನಾಗಿತ್ತು. ಶಾಫ್ಟಿನಲ್ಲಿ ಕೀ ಕೂರುವ ಸೀಳಿನ ಅಂಚು ಸೀಲ್‌ನ ತುಟಿಯನ್ನು (ಶಾಫ್ಟಿಗೆ ಒತ್ತಿಕೊಳ್ಳುವ ಅದರ ಒಳ ಅಂಚನ್ನು) ಕೊಯ್ಯಬಾರದು ಅಂತ ಹಾಲಿನ ಪಾಕೀಟಿನ ತುಂಡು ಸುತ್ತಿ, ಗ್ರೀಸ್ ಹಚ್ಚಿ ನಿಧಾನಕ್ಕೆ ಜಾರಿಸಿದೆ. ಈ ಸಲ ಪರೀಕ್ಷೆ ಮಾಡದೆ ಮುಚ್ಚಬಾರದು ಅಂತ ಅಪ್ಪನ ಹಳೇ ಬಿಪಿ ಮಷೀನ್ ತಂದೆ. ಕಾರ್ಬ್ಯುರೇಟರ್ ಬಾಯಿಗೂ ಎರಡು ಎಕ್ಸಾಸ್ಟ್ ಬಾಯಿಗೂ ಟ್ಯೂಬ್ ರಬ್ಬರ್ ಕಟ್ಟಿ, ಪಿಸ್ಟನ್ ಕೆಳಗಿಳಿಸಿ, ಪ್ಲಗ್ ತೂತಿನಿಂದ ಗಾಳಿ ಹಾಕಿದೆ. ಮುಳ್ಳು 250 ಮಿ.ಮೀ. ಪಾದರಸಕ್ಕೆ ಬಂತು. ಅಂದರೆ ಸುಮಾರು 5 ಪಿಎಸ್‌ಐ. ಹತ್ತು ನಿಮಿಷ ಅಲ್ಲಾಡಲಿಲ್ಲ. ಸೋಪಿನ ನೀರಿನಲ್ಲಿ ಒಂದು ಗುಳ್ಳೆ ಇಲ್ಲ. ಖುಷಿಯಿಂದ ಎಲ್ಲಾ ಜೋಡಿಸಿದೆ. ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಮತ್ತೆ ಅದೇ ಹೊಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಗಾಳಿ ಹೊರಗೆ ಹೋಗದ ಕಡೆಯಿಂದ ಎಣ್ಣೆ ಹೇಗೆ ಒಳಗೆ ಬರುತ್ತದೆ?

ಟೂ ಸ್ಟ್ರೋಕ್ ಎಂಜಿನಿನ ಕ್ರ್ಯಾಂಕ್‌ಕೇಸ್ ಒಂದು ಪಂಪ್ ಇದ್ದಂತೆ. ಪಿಸ್ಟನ್ ಇಳಿದಾಗ ಒಳಗೆ ಒತ್ತಡ, ಏರಿದಾಗ ಎಳೆತ. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ ಹೀಗಾಗುತ್ತದೆ. ಸೀಲ್‌ನ ಸ್ಪ್ರಿಂಗ್ ಇರುವ ಮುಖ ಒಳಗಡೆಗೆ ಇತ್ತು. ಒಳಗಿನ ಒತ್ತಡ ತುಟಿಯನ್ನು ಶಾಫ್ಟಿಗೆ ಇನ್ನೂ ಗಟ್ಟಿಯಾಗಿ ಒತ್ತುತ್ತದೆ. ಎಳೆತ ಬಂದಾಗ ಅದೇ ತುಟಿ ಸಡಿಲಾಗುತ್ತದೆ. ನಾನು ಮಾಡಿದ್ದು ಅರ್ಧ ಪರೀಕ್ಷೆ. ಎಳೆದೂ ನೋಡಬೇಕಿತ್ತು.

ಬಿಪಿ ಮಷೀನಿನಲ್ಲಿ ಎಳೆತ ಅಳೆಯಲು ಆಗುವುದಿಲ್ಲ. ಆದರೆ ಮೇ ತಿಂಗಳ ಕಲಬುರಗಿಯಲ್ಲಿ ಎಸಿ ರಿಪೇರಿ ಮಾಡುವವರಿಗೇನು ಕೊರತೆ? ನಮ್ಮ ಓಣಿಯ ಹುಡುಗನ ಹತ್ತಿರ ಒತ್ತಡ ಅಳೆಯುವ ನೀಲಿ ಗೇಜ್ ಇತ್ತು. ಅದರಲ್ಲಿ ಸೊನ್ನೆಯ ಕೆಳಗೆ 30 ಇಂಚು ಪಾದರಸದ ತನಕ ವ್ಯಾಕ್ಯೂಮ್, ಅಂದರೆ ಎಳೆತದ ಗುರುತು ಇರುತ್ತದೆ. ಅವನ ಪಂಪ್ ಹಚ್ಚಲಿಲ್ಲ, ಸೀಲಿಗೆ ಅಷ್ಟು ಎಳೆತ ಬೇಡ. 50 ಎಂಎಲ್ ಸಿರಿಂಜ್ ಸಾಕು. ಐದಾರು ಸಲ ಎಳೆದು ಪೈಪ್ ಹಿಡಿದೆ. 7 ಇಂಚು ಬಂತು. ಇಪ್ಪತ್ತು ಸೆಕೆಂಡಿನಲ್ಲಿ ಮುಳ್ಳು ಸೊನ್ನೆಗೆ ಬಂದು ನಿಂತಿತು.

ಮತ್ತೆ ಎಳೆದೆ. ಈ ಸಲ ಸೀಲ್ ಅಂಚಿಗೆ ಗೇರ್ ಆಯಿಲ್ ಸುತ್ತಲೂ ಹನಿಸಿ ಟಾರ್ಚ್ ಹಿಡಿದೆ. ಶಾಫ್ಟಿನ ಮೇಲ್ಭಾಗದಲ್ಲಿ ಎಣ್ಣೆ ಸದ್ದಿಲ್ಲದೆ ಒಳಗೆ ಇಳಿದುಹೋಯಿತು. ನಾನು ಒಬ್ಬನೇ ಕೂಗಿಬಿಟ್ಟೆ. ಅವ್ವ ಗಾಬರಿಯಾಗಿ ಹೊರಗೆ ಬಂದಳು.

ಸೀಲ್ ಕಿತ್ತು, ಶಾಫ್ಟ್ ಒರೆಸಿ, ಉಗುರು ಓಡಿಸಿದೆ. ಉಗುರು ಸಿಕ್ಕಿಕೊಂಡಿತು. ಹಳೇ ಸೀಲ್‌ನ ತುಟಿ ವರ್ಷಗಟ್ಟಲೆ ಉಜ್ಜಿ ಉಕ್ಕಿನಲ್ಲೇ ಸಣ್ಣ ಗೆರೆ ಕೊರೆದಿದೆ. ರಬ್ಬರ್ ಉಕ್ಕನ್ನು ಹೇಗೆ ಸವೆಸುತ್ತದೆ ಅಂತ ಕೇಳಬಹುದು. ರಬ್ಬರ್ ಅಲ್ಲ, ತುಟಿಗೆ ಸಿಕ್ಕ ಧೂಳು ಸವೆಸುತ್ತದೆ. ನಮ್ಮ ಕಡೆ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಹೊಸ ಸೀಲ್‌ನ ತುಟಿ ಸರಿಯಾಗಿ ಆ ಗೆರೆಯ ಮೇಲೇ ಕೂತಿತ್ತು.

ಇದಕ್ಕೆ ಶಾಫ್ಟಿನ ಮೇಲೆ ತೆಳ್ಳನೆಯ ಸ್ಟೀಲ್ ಸ್ಲೀವ್ (ಕೊಳವೆಯಂಥ ಕವಚ) ಹಾಕುವುದು ಒಂದು ದಾರಿ. ನನ್ನ ಅಳತೆಗೆ ಸಿಗಲಿಲ್ಲ. ಇನ್ನೊಂದು ದಾರಿ ತುಟಿಯನ್ನೇ ಗೆರೆಯಿಂದ ಸರಿಸುವುದು. ಈಗ ಬರುವ ಸೀಲ್ ಹಳೆಯದಕ್ಕಿಂತ ತೆಳು, ಹಾಗಾಗಿ ಕೂರುವ ಗುಂಡಿಯಲ್ಲಿ ಒಂದೂವರೆ ಮಿ.ಮೀ. ಜಾಗ ಉಳಿದಿತ್ತು. ಕಪನೂರಿನ ಒಂದು ಲೇತ್ ಅಂಗಡಿಗೆ ಹೋಗಿ 1.2 ಮಿ.ಮೀ. ದಪ್ಪದ ಉಂಗುರ ಮಾಡಿಸಿದೆ. "ಇಷ್ಟು ಸಣ್ಣ ಕೆಲಸಕ್ಕ ಇಲ್ಲೀತನ ಬಂದ್ರೇನ್ರಿ?" ಅಂದ ಆ ಹಿರಿಯರು ಅದನ್ನು ಎಷ್ಟು ಚಂದ ತಿರುವಿಕೊಟ್ಟರು ಅಂದರೆ ನನಗೆ ಅದನ್ನು ಒಳಗೆ ಮುಚ್ಚಿಡಲು ಮನಸ್ಸಾಗಲಿಲ್ಲ. ನಿಮ್ಮ ಎಂಜಿನಿನಲ್ಲಿ ಸೀಲ್ ಹಿಂದೆ ಬೇರಿಂಗಿಗೆ ಎಣ್ಣೆ ಹೋಗುವ ತೂತು ಇದ್ದರೆ ಉಂಗುರ ಅದನ್ನು ಮುಚ್ಚದಂತೆ ನೋಡಿಕೊಳ್ಳಿ.

ಮೂರನೇ ಸೀಲನ್ನು ಬೈಕ್ ಅಂಗಡಿ ಬಿಟ್ಟು ಸೂಪರ್ ಮಾರ್ಕೆಟ್ ಕಡೆಯ ಬೇರಿಂಗ್ ಅಂಗಡಿಯಲ್ಲಿ ತಗೊಂಡೆ. ಅಲ್ಲಿ ಗಾಡಿ ಹೆಸರು ಕೇಳುವುದಿಲ್ಲ. ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಇಷ್ಟೇ ಕೇಳುತ್ತಾರೆ. ವೈಟಾನ್ ರಬ್ಬರಿನದೇ ಸಿಕ್ಕಿತು. ಸಾಮಾನ್ಯ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ತಡೆದರೆ ಇದು 200 ಡಿಗ್ರಿ ತಡೆಯುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುವುದರಿಂದ ಅದಕ್ಕೂ ಒಳ್ಳೆಯದು. ರೇಟು ಜಾಸ್ತಿ, ಆದರೆ ಕೊಟ್ಟ ದುಡ್ಡಿಗೆ ಬೇಜಾರಿಲ್ಲ.

ನಡುವೆ ಒಂದು ಮಾತು. ಅಫಜಲಪುರದ ನಮ್ಮ ಮಾವನ ಕೊಟ್ಟಿಗೆಯಲ್ಲಿ ಒಂದು ರಾಜದೂತ್ 175 ಜೋಳದ ಕಣಿಕೆ ಕೆಳಗೆ ಮಲಗಿದೆ. ಪೋಲೆಂಡಿನ ಎಸ್‌ಎಚ್‌ಎಲ್ ಗಾಡಿಯ ಮೇಲೆ ಮಾಡಿದ್ದು ಅದು. ಮಾವ "ಒಯ್ಯಿ ಮಗಾ, ಇಲಿ ಸೇರ್ಯಾವ ಅದರಾಗ" ಅಂದಿದ್ದಾರೆ. ಮಳೆ ಶುರುವಾಗುವ ಮೊದಲು ತರಬೇಕು. ಬಿಚ್ಚುವ ಮೊದಲೇ ಎರಡೂ ಪರೀಕ್ಷೆ ಮಾಡಿ ಬರೆದಿಡುತ್ತೇನೆ, ಒತ್ತಡದ್ದೂ ಎಳೆತದ್ದೂ.

ಉಂಗುರ ಹಾಕಿ ಸೀಲ್ ಕೂರಿಸಿದ ಮೇಲೆ ಯೆಜ್ದಿಗೂ ಎರಡನ್ನೂ ಮಾಡಿದೆ. 250ರಲ್ಲಿ ಬಿಪಿ ಮುಳ್ಳು ನಿಂತಿತು. ಆಮೇಲೆ ಸಿರಿಂಜ್ ಎಳೆದೆ. 7 ಇಂಚು. ಅಪ್ಪ ಕುರ್ಚಿ ಹಾಕಿಕೊಂಡು ಗಡಿಯಾರ ಹಿಡಿದು ಕೂತರು. ಐದು ನಿಮಿಷಕ್ಕೆ ಅರ್ಧ ಇಂಚು ಇಳಿಯಿತು. "ಇಷ್ಟು ನಡೀತದ" ಅಂದರು.

ಮಳಖೇಡದಿಂದ ಬಂದ ಮೇಲೆ ಗೇರ್ ಆಯಿಲ್ ಬಸಿದು ಅಳೆದೆ. ಹಾಕಿದ್ದಕ್ಕಿಂತ 10 ಎಂಎಲ್ ಕಮ್ಮಿ. ಅಷ್ಟು ಒಳಗಿನ ಗೋಡೆಗೆ ಅಂಟಿರುತ್ತದೆ. ಇನ್ನು 300 ಕಿ.ಮೀ. ಓಡಿಸಿ ಮತ್ತೆ ಅಳೆಯುತ್ತೇನೆ. ಬೀದರ್‌ಗೆ ಹೋಗಿ ಬಂದರೆ ಅದರಲ್ಲಿ ಬಹುಪಾಲು ಆಗುತ್ತದೆ. ಹಿಂದೆ ಕೂರುವವರು ಯಾರು ಅಂತ ಅಪ್ಪ ಆಗಲೇ ಹೇಳಿಬಿಟ್ಟಿದ್ದಾರೆ.