ಫೋನಿನಲ್ಲಿ ಬಂದ ಆರ್ಡರು, ಚಾರ್ಟಿನಲ್ಲಿ ಉಳಿಯುವ ಸಹಿ

ರಾತ್ರಿ ಪಾಳಿಯಲ್ಲಿ ಡಾಕ್ಟರು ಫೋನಿನಲ್ಲೇ ಹೇಳಿದ ಔಷಧಿಯನ್ನು ಕೊಡುವುದು ನಮ್ಮ ವಾರ್ಡುಗಳಲ್ಲಿ ಹೊಸದೇನಲ್ಲ. "ಕೊಡಿ ಸಿಸ್ಟರ್, ಬೆಳಿಗ್ಗೆ ಬಂದು ಬರೀತೀನಿ" ಎನ್ನುತ್ತಾರೆ. ಬೆಳಗಾಗುವಷ್ಟರಲ್ಲಿ ಅವರ ಪಾಳಿಯೇ ಮುಗಿದಿರುತ್ತದೆ, ಡ್ರಗ್ ಚಾರ್ಟಿನಲ್ಲಿ ಔಷಧಿ ಕೊಟ್ಟವರ ಸಹಿಯೊಂದೇ ಉಳಿದಿರುತ್ತದೆ. ಹೇಳಿದ್ದನ್ನು ಮಾಡಿದವರಿಗೆ ತೊಂದರೆ ಬರುವುದಿಲ್ಲವೆಂದು ಸೇವೆಗೆ ಸೇರಿದ ಹೊಸತರಲ್ಲಿ ನಾನೂ ನಂಬಿದ್ದೆ.

ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣವನ್ನು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು. 1993ರ ಡಿಸೆಂಬರಿನಲ್ಲಿ, ಅರ್ಹತೆಯಿಲ್ಲದ ನರ್ಸ್ ಒಬ್ಬರು ಲಾರಿಯಾಗೋ ಎಂಬ ಮಲೇರಿಯಾ ಔಷಧಿಯ ಇಂಜೆಕ್ಷನ್ನನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟೊಡನೆ ಮಗು ತಾಯಿಯ ಮಡಿಲಲ್ಲೇ ಕುಸಿಯಿತು. ಜೀವ ಉಳಿದರೂ ಮೆದುಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ 1998ರಲ್ಲಿ ಎತ್ತಿಹಿಡಿಯಿತು.

ನೌಕರರ ತಪ್ಪಿಗೆ ಆಸ್ಪತ್ರೆ ಹಣ ತೆರಬೇಕಾಗುತ್ತದೆ, ನಿಜ. ಆದರೆ ಕ್ರಿಮಿನಲ್ ಮೊಕದ್ದಮೆಯಲ್ಲಿ ನಮ್ಮ ಬದಲು ಜೈಲಿಗೆ ಹೋಗುವವರು ಯಾರೂ ಇರುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಹಳೆಯ ದಂಡ ಸಂಹಿತೆಯ 304ಎ ಕಲಮಿನಡಿ ಯಾರಿಗಾದರೂ ಗರಿಷ್ಠ 2 ವರ್ಷ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅದನ್ನು 5 ವರ್ಷಕ್ಕೆ ಏರಿಸಿ, ಚಿಕಿತ್ಸೆ ನೀಡುವಾಗ ತಪ್ಪಿದ ನೋಂದಾಯಿತ ವೈದ್ಯರಿಗೆ ಮಾತ್ರ 2 ವರ್ಷದ ಮಿತಿಯನ್ನು ಉಳಿಸಿದೆ. ಆ ವೈದ್ಯರೆಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಡಿ ಮಾನ್ಯವಾದ ಪದವಿ ಪಡೆದು ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವರು ಎಂದೂ ಅಲ್ಲೇ ವಿವರಿಸಿದೆ. ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿಯಾದ ನಾವು ಆ ಮಾತಿನೊಳಗೆ ಬರುವುದಿಲ್ಲ. ಒಂದೇ ಮಂಚದ ಬಳಿ, ಒಂದೇ ತಪ್ಪಿನಲ್ಲಿ ಪಾಲುದಾರರಾದ ಇಬ್ಬರಿಗೆ ಎರಡು ಅಳತೆ! ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಕಲಂ ಬದಲಾಗುವವರೆಗೆ ರಾತ್ರಿ ಪಾಳಿಗಳು ನಿಲ್ಲುವುದಿಲ್ಲ.

ಹೀಗಾಗಿ ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡು, ಔಷಧಿಯ ಹೆಸರು, ಪ್ರಮಾಣ, ಕೊಡುವ ಮಾರ್ಗವನ್ನು ಅವರಿಗೇ ಓದಿ ಹೇಳಿ, ವೇಳೆಯನ್ನೂ ಡಾಕ್ಟರರ ಹೆಸರನ್ನೂ ನರ್ಸಸ್ ನೋಟ್ಸಿನಲ್ಲಿ ಆಗಲೇ ದಾಖಲಿಸುತ್ತೇನೆ. ಪೊಟ್ಯಾಸಿಯಂ ಕ್ಲೋರೈಡಿನಂತಹ, ದ್ರಾವಣದಲ್ಲಿ ಬೆರೆಸಿ ತೆಳುಗೊಳಿಸದೆ ರಕ್ತನಾಳಕ್ಕೆ ಕೊಟ್ಟರೆ ಹೃದಯವನ್ನೇ ನಿಲ್ಲಿಸಬಲ್ಲ ಔಷಧಿಯನ್ನಂತೂ ಬರಹದ ಆರ್ಡರಿಲ್ಲದೆ ಮುಟ್ಟುವುದಿಲ್ಲ. ಒಂದು ರಾತ್ರಿ ಹಾಗೆಂದಾಗ "ನನ್ನ ಮೇಲೆ ನಂಬಿಕೆ ಇಲ್ವಾ ಸಿಸ್ಟರ್?" ಎಂದು ಸಿಡುಕಿದ ಡಾಕ್ಟರು ಎರಡು ಮಹಡಿ ಇಳಿದು ಬಂದು ಬರೆದುಕೊಟ್ಟರು. ಆಮೇಲೆ ಒಂದು ವಾರ ನನ್ನೊಂದಿಗೆ ನೆಟ್ಟಗೆ ಮಾತನಾಡಲಿಲ್ಲ.